ಸಹಾಯ ಬೇಕು: ಎಂಟು ಬಾರ್ ದಾಟಿ ಟ್ರ್ಯಾಕ್ ಮುಂದೆ ಹೋಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್ ಮಾಡುತ್ತೇನೆ. ಎಂಟು ಬಾರ್‌ನ ಲೂಪ್ (ತಾಳದ ಎಂಟು ಸುತ್ತಿನ, ಮತ್ತೆ ಮತ್ತೆ ತಿರುಗುವ ತುಣುಕು) ಚೆನ್ನಾಗೇ ಬರುತ್ತದೆ, ಆಮೇಲೆ ಕೈ ಓಡುವುದಿಲ್ಲ. ಫೋಲ್ಡರ್ ತುಂಬಾ ಅರ್ಧಂಬರ್ಧ ಫೈಲುಗಳೇ.

ಈಗಿನದು ಮೋಹನ ರಾಗದ್ದು, ವೇಗ 96 ಬಿಪಿಎಂ (ನಿಮಿಷಕ್ಕೆ 96 ಬೀಟ್). ಕೆಳಗೆ ತಮಟೆ, ಮೇಲೆ ಕೊಳಲು. ಮೋಹನದಲ್ಲಿ ಮಧ್ಯಮ, ನಿಷಾದ ಇಲ್ಲ ಅಲ್ವಾ? ಷಡ್ಜ ಸಿ ಇಟ್ಟುಕೊಂಡು ಎಫ್ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತಿದರೆ ಮಧ್ಯಮ ನುಸುಳುತ್ತದೆ, ಜಿ ಮೇಜರ್ ಒತ್ತಿದರೆ ನಿಷಾದ. ರಾಗದ ಮುಖವೇ ಕೆಡುತ್ತದೆ. ಕಾರ್ಡ್ ಬಿಟ್ಟರೆ ಸುಮ್ನೆ ಶ್ರುತಿ ಮೇಲೆ ನಿಂತ ಹಾಗೆ.

ಇಂಥ ಕಡೆ ಚರಣಕ್ಕೆ ಹೇಗೆ ದಾರಿ ಮಾಡುತ್ತೀರಿ? ಬೇಸ್ ಸ್ವರ ಮಾತ್ರ ಬದಲಿಸಿದರೆ ಸಾಕಾ? ಮೊದಲು ತಮಟೆ ತೆಗೆದು ನೋಡಲಾ?

ಹೊಸ ಪ್ಲಗಿನ್ ಕೊಳ್ಳಿ ಅಂತ ಮಾತ್ರ ಹೇಳಬೇಡಿ, ಇರುವುದೇ ಜಾಸ್ತಿ ಆಗಿದೆ. ಕೇಳಿ ನೇರವಾಗಿ ಹೇಳುವವರಿದ್ದರೆ ಫೈಲ್ ಕಳಿಸುತ್ತೇನೆ.