‘ವಾಯುನೆಲೆ’ ಎಂಬ ಪದದ ವ್ಯಾಪ್ತಿ ಎಷ್ಟು?

ಮಾನ್ಯರೇ,

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ಬೀದರ್, ಯಲಹಂಕ, ಜಾಲಹಳ್ಳಿ, ಸಾಂಬ್ರಾ ಈ ನಾಲ್ಕಕ್ಕೂ ‘ವಾಯುನೆಲೆ’ ಎಂದೇ ಬರೆಯಲಾಗಿದೆ. ಪತ್ರಿಕೆಗಳ ರೂಢಿಯೂ ಬಹುಮಟ್ಟಿಗೆ ಹೀಗೆಯೇ ಇದೆ. ಆದರೆ ಅಲ್ಲಿ ನಡೆಯುವ ಕೆಲಸ ಒಂದೇ ಬಗೆಯದಲ್ಲ. ಬೀದರಿನಲ್ಲಿ ಯುದ್ಧವಿಮಾನ ಹಾರಿಸಲಿರುವ ಪೈಲಟ್‌ಗಳು ಹಾಕ್ ಜೆಟ್‌ಗಳಲ್ಲಿ ಪಳಗುತ್ತಾರೆ. ಯಲಹಂಕದ ಹೆಸರು ಏರೋ ಇಂಡಿಯಾದಿಂದ ಮನೆಮಾತಾಗಿದ್ದರೂ ಅಲ್ಲಿನ ನಿತ್ಯದ ಕೆಲಸ ಸಾಗಣೆ ವಿಮಾನಗಳಿಗೆ ಸಂಬಂಧಿಸಿದ್ದು. ಜಾಲಹಳ್ಳಿಯಲ್ಲಿ ಕಲಿಯುವವರು ತಾಂತ್ರಿಕ ಸಿಬ್ಬಂದಿ. ಇನ್ನು ನಮಗೆ ಹತ್ತಿರದ, ಬೆಳಗಾವಿ ಬಳಿಯ ಸಾಂಬ್ರಾ. ಹಾವೇರಿ, ಗದಗ ಕಡೆಯ ಹುಡುಗರು ವಾಯುಪಡೆಯ ಸಿಪಾಯಿ ದರ್ಜೆಗೆ ಆಯ್ಕೆಯಾದರೆ ಕವಾಯತು, ಶಿಸ್ತು, ಬಂದೂಕಿನ ಮೊದಲ ಪಾಠ ಕಲಿಯುವುದು ಅಲ್ಲಿ. ವಿಮಾನ ಹಾರಿಸುವ ಪಾಠ ಅಲ್ಲಿಲ್ಲ.

ಇವೆಲ್ಲಕ್ಕೂ ಅಧಿಕೃತ ಹೆಸರು ‘ಏರ್ ಫೋರ್ಸ್ ಸ್ಟೇಷನ್’. ಅದು ಆಡಳಿತ ಘಟಕದ ಹೆಸರು. ‘ಏರ್ ಬೇಸ್’ ಎಂದಾಗ ಮಾತ್ರ, ವಿಮಾನ ಇಳಿದು, ಇಂಧನ ಮತ್ತು ಶಸ್ತ್ರ ತುಂಬಿಕೊಂಡು, ರಿಪೇರಿ ಬೇಕಿದ್ದರೆ ಹ್ಯಾಂಗರ್ ಸೇರಿ, ಮತ್ತೆ ರನ್‌ವೇಗೆ ಬರಲು ಬೇಕಾದದ್ದೆಲ್ಲ ಇರುವ ಜಾಗ ಎಂಬ ಅರ್ಥ ಬರುತ್ತದೆ. ಕನ್ನಡದ ‘ನೆಲೆ’ ಎರಡನ್ನೂ ನುಂಗಿಹಾಕಿದೆ.

ಗೋವಾದ ದಾಬೋಲಿಂ ಈ ತೊಡಕನ್ನು ಇನ್ನಷ್ಟು ಬಿಗಿಮಾಡುತ್ತದೆ. ಪ್ರವಾಸಿಗರ ಪಾಲಿಗೆ ಅದು ವಿಮಾನ ನಿಲ್ದಾಣ. ರನ್‌ವೇ ಇರುವುದು ನೌಕಾಪಡೆಯ ಐಎನ್‌ಎಸ್ ಹಂಸದಲ್ಲಿ. ಅದನ್ನು ವಾಯುನೆಲೆ ಎಂದರೆ ಓದುಗರು ವಾಯುಪಡೆಯದೆಂದು ತಿಳಿಯುತ್ತಾರೆ, ನೌಕಾನೆಲೆ ಎಂದರೆ ಕಾರವಾರದ ಕದಂಬದಂತೆ ಹಡಗುಗಳು ತಂಗುವ ಬಂದರನ್ನು ಕಲ್ಪಿಸಿಕೊಳ್ಳುತ್ತಾರೆ. ‘ನೌಕಾಪಡೆಯ ವಾಯುನೆಲೆ’ ಎಂದು ಬಿಡಿಸಿ ಬರೆಯುವುದೇ ನನಗೆ ಸರಿ ಕಾಣುತ್ತದೆ, ಉದ್ದವಾದರೂ ಚಿಂತೆಯಿಲ್ಲ.

‘ಸ್ಟೇಷನ್’ಗೆ ‘ನಿಲ್ದಾಣ’ ಎಂದರೆ ಹುಬ್ಬಳ್ಳಿಯವರಿಗೆ ಗೋಕುಲ ರಸ್ತೆಯ ವಿಮಾನ ನಿಲ್ದಾಣವೋ ಬಸ್ ನಿಲ್ದಾಣವೋ ನೆನಪಾಗುತ್ತದೆ. ‘ಠಾಣೆ’ಯನ್ನು ಪೊಲೀಸರು ಎಂದೋ ವಶಪಡಿಸಿಕೊಂಡಿದ್ದಾರೆ. ಸೈನ್ಯ ಬೀಡುಬಿಟ್ಟ ಜಾಗಕ್ಕೆ ‘ಠಾಣ್ಯ’ ಎಂಬ ಹಳೆಯ ಪದವುಂಟು, ಆದರೆ ಪರೀಕ್ಷೆಗೆ ಓದುವವರ ಮೇಲೆ ಅದನ್ನು ಹೇರುವುದು ನ್ಯಾಯವಲ್ಲ. ಆದ್ದರಿಂದ ವಿಮಾನಗಳು ಕಾರ್ಯಾಚರಿಸುವಲ್ಲಿಗೆ ‘ವಾಯುನೆಲೆ’, ಸಾಂಬ್ರಾ, ಜಾಲಹಳ್ಳಿಗಳಿಗೆ ‘ವಾಯುಪಡೆ ತರಬೇತಿ ಕೇಂದ್ರ’ ಎಂದು ತಿದ್ದಿದ್ದೇನೆ.

ಉಳಿದದ್ದು ‘ಕಮಾಂಡ್’, ಅಂದರೆ ವಾಯುಪಡೆಯ ಹಲವು ಸ್ಟೇಷನ್‌ಗಳನ್ನು ಒಟ್ಟಾಗಿ ನಡೆಸುವ ಮೇಲಿನ ಹಂತದ ಘಟಕ. ಕರಡಿನಲ್ಲಿ ಏಳೂ ಕಮಾಂಡ್‌ಗಳಿಗೆ ‘ಪ್ರಾದೇಶಿಕ ವಿಭಾಗ’ ಎಂದಿದೆ. ಅವುಗಳಲ್ಲಿ ಐದಕ್ಕೆ ಈ ಮಾತು ಹೊಂದುತ್ತದೆ. ಬೆಂಗಳೂರಿನ ತರಬೇತಿ ಕಮಾಂಡ್, ನಾಗಪುರದ ನಿರ್ವಹಣಾ ಕಮಾಂಡ್ ಕೆಲಸಕ್ಕೆ ತಕ್ಕಂತೆ ವಿಂಗಡಿಸಿದವು, ಪ್ರದೇಶಕ್ಕೆ ತಕ್ಕಂತೆ ಅಲ್ಲ. ಇಲ್ಲಿ ‘ಕಮಾಂಡ್’ ಎಂದೇ ಉಳಿಸುವುದು ಲೇಸೆಂಬುದು ನನ್ನ ಅಭಿಪ್ರಾಯ.

ವಿಮಾನವೂ ಇಲ್ಲದ, ತರಬೇತಿಯೂ ನಡೆಯದ ರಡಾರ್ ಘಟಕ, ಉಗ್ರಾಣಗಳಂಥ ಸ್ಟೇಷನ್‌ಗಳಿಗೆ ಒಪ್ಪುವ ಪದವನ್ನು, ಬಳಕೆಯ ಉದಾಹರಣೆಯೊಂದಿಗೆ, ಬಲ್ಲವರು ತಿಳಿಸಬೇಕಾಗಿ ವಿನಂತಿ.