ಕುಂದಾಪುರದಲ್ಲಿ ಮೂರು ದಿನಗಳ ಮನೆ ಮನೆ ಭೇಟಿ: ಮೈಸೂರಿನಿಂದ ಹೊರಟಿರುವ ನಮಗೆ ಸಲಹೆ ಬೇಕು

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಇಪ್ಪತ್ತನಾಲ್ಕು ಮಂದಿ ಸ್ವಯಂಸೇವಕರು ಜನವರಿಯಲ್ಲಿ ಮೂರು ದಿನಗಳ ಮಟ್ಟಿಗೆ ಕುಂದಾಪುರಕ್ಕೆ ಹೊರಟಿದ್ದೇವೆ. ಅಲ್ಲಿನ ಕೆಲವು ಯುವಕರು ಮತ್ತು ಸ್ವಸಹಾಯ ಸಂಘದ ಮಹಿಳೆಯರು ಒಣ ಕಸದ ವಿಂಗಡಣೆ, ಪಂಚಗಂಗಾವಳಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೆಳೆಸುವುದು, ಕಡಲಾಮೆಯ ಗೂಡುಗಳ ಕಾವಲು ಎಂಬ ಮೂರು ಕೆಲಸಗಳನ್ನು ಕೈಗೆತ್ತಿಕೊಂಡಿದ್ದಾರೆ. ಇವುಗಳಲ್ಲಿ ಊರಿನ ಇನ್ನಷ್ಟು ಮನೆಗಳು ತೊಡಗುವಂತೆ ಮಾತನಾಡಿಸಲು ನಮ್ಮನ್ನು ಕರೆದಿದ್ದಾರೆ.

ಹೋದ ವರ್ಷ ಕರಾವಳಿಯ ಇನ್ನೊಂದು ಊರಿನಲ್ಲಿ ನಾವು ಎರಡು ಸಾವಿರ ಕರಪತ್ರಗಳನ್ನು ಹಂಚಿದ್ದೆವು. ಸಂಜೆ ಬಸ್ಸು ಹತ್ತುವ ಮೊದಲು ಬಂದರಿನ ಕಡೆ ಹೋದಾಗ, ಮೀನು ಮಾರುವ ಅಮ್ಮನೊಬ್ಬರು ನಮ್ಮದೇ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ, ನೀರು ಸೋರುತ್ತಿದ್ದ ಬುಟ್ಟಿಯ ತಳಕ್ಕೆ ಹಾಸಿದ್ದರು. ‘ಕಸ ಬೇರ್ಪಡಿಸಿ’ ಎಂಬ ದಪ್ಪಕ್ಷರಗಳ ಮಸಿ ಬಂಗುಡೆಯ ಹೊಟ್ಟೆಗೆ ಅಂಟಿತ್ತು. ಅವರದು ತಪ್ಪಲ್ಲ. ಅವರಿಗೆ ಏನು ಬೇಕೆಂದು ನಾವು ಕೇಳಿಯೇ ಇರಲಿಲ್ಲ. ಈ ಬಾರಿ ಹಾಗಾಗಬಾರದು. ಯಾವ ಹೊತ್ತಿನಲ್ಲಿ ಹೋಗಬೇಕು, ಮಾತನ್ನು ಹೇಗೆ ಆರಂಭಿಸಬೇಕು, ಹಿಂದಿರುಗುವಾಗ ಅಲ್ಲಿ ಏನನ್ನು ಬಿಟ್ಟು ಬರಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಕುಂದಾಪುರದವಳು, ಈಗ ವಿಜಯನಗರ, ಮೈಸೂರು)

ಜನವರಿಯನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಜನರಿಗೆ ಬಿಡುವಿರುತ್ತದೆಂದು ಹಲವರು ಮಳೆಗಾಲದಲ್ಲಿ ಹೋಗುತ್ತಾರೆ. ಆದರೆ ಅದು ಕೈಯಲ್ಲಿ ಕಾಸಿಲ್ಲದ, ಬಲೆ ಮತ್ತು ಬೋಟುಗಳ ರಿಪೇರಿಯ ಕಾಲ. ಬಿಡುವಿದ್ದರೂ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ.

ಬೆಳಗಿನ ಹೊತ್ತು ಮೀನುಗಾರರ ಕೇರಿಗೆ ಹೋಗಲೇಬೇಡಿ. ಗಂಗೊಳ್ಳಿಯ ಬಂದರಿನಲ್ಲಿ ಹರಾಜು ನಡೆಯುವಾಗ ಹೆಂಗಸರ ಕಣ್ಣು ಕಿವಿಗಳೆಲ್ಲ ಮೀನಿನ ದರದ ಮೇಲಿರುತ್ತವೆ, ಅಲ್ಲಿಂದ ಅವರು ಬುಟ್ಟಿ ಹೊತ್ತು ಪೇಟೆಗೆ ಹೊರಡುತ್ತಾರೆ. ಸಂಜೆ ನಾಲ್ಕರ ಮೇಲೆ ಮನೆಯ ಜಗಲಿಯಲ್ಲಿ ಸಿಗುತ್ತಾರೆ. ‘ಬನಿ, ಕೂಕಣಿ’ ಎಂದು ಕರೆದರೆ ಕುಳಿತುಕೊಳ್ಳಿ, ಕೊಟ್ಟ ನೀರು ಬೆಲ್ಲವನ್ನು ಬೇಡವೆನ್ನಬೇಡಿ. ಕೇರಿಯ ಭಜನಾ ಮಂದಿರದ ಹಿರಿಯರನ್ನು ಮೊದಲ ದಿನವೇ ಕಂಡು ವಿಷಯ ತಿಳಿಸಿದರೆ, ರಾತ್ರಿ ಭಜನೆ ಮುಗಿದ ಮೇಲೆ ಅವರೇ ಹತ್ತು ನಿಮಿಷ ಮಾತನಾಡಲು ಬಿಡುತ್ತಾರೆ. ಆ ಹತ್ತು ನಿಮಿಷಕ್ಕೆ ನಿಮ್ಮ ಎರಡು ಸಾವಿರ ಕರಪತ್ರಗಳೂ ಸಾಟಿಯಲ್ಲ.

ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದನೆಯ ಕೋಡಿನಂತೆ ತೂಗುತ್ತದೆ. ಆ ಕೋಡುಗಳು ಬಲಿತು ಉದುರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆದ್ದರಿಂದ ಜನವರಿಯಲ್ಲಿ ಸಸಿ ನೆಡುವ ಫೋಟೊಗಾಗಿ ಹಟ ಹಿಡಿಯಬೇಡಿ. ಎಳೆ ಗಿಡಗಳ ಬುಡಕ್ಕೆ ಸುತ್ತಿಕೊಂಡ ಪ್ಲಾಸ್ಟಿಕ್ಕನ್ನೂ ಹರಿದ ಬಲೆಯ ತುಂಡುಗಳನ್ನೂ ಬಿಡಿಸಿ ತೆಗೆಯುವುದು ಆಗ ನಿಜವಾಗಿ ಬೇಕಾದ ಕೆಲಸ. ಅದನ್ನು ನೀರು ಇಳಿದಾಗ ಮಾತ್ರ ಮಾಡಬಹುದು. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಮೂರು ದಿನಕ್ಕೂ ಒಂದೇ ವೇಳಾಪಟ್ಟಿ ಹಾಕಿಕೊಂಡರೆ ಮೂರನೆಯ ದಿನ ಲೆಕ್ಕ ತಪ್ಪುತ್ತದೆ.

ಆಮೆಯ ವಿಚಾರದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಮ್ಮ ತೀರಕ್ಕೆ ಬರುವ ಆಲಿವ್ ರಿಡ್ಲೆ ರಾತ್ರಿಯ ಹೊತ್ತು ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು ಹೋಗುತ್ತದೆ, ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಬೆಳಕು ಕಂಡತ್ತ ಹೋಗುವುದು ಅವುಗಳ ಸ್ವಭಾವವಾದ್ದರಿಂದ, ನಿಮ್ಮ ಹುಡುಗರು ಮೊಬೈಲಿನ ಟಾರ್ಚ್ ಹಾಕಿದರೆ ಕಡಲಿನ ಬದಲು ರಸ್ತೆಯ ಕಡೆ ತಿರುಗಿಬಿಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಿದು. ಅರಣ್ಯ ಇಲಾಖೆಯವರು ಜೊತೆಯಲ್ಲಿಲ್ಲದೆ ಗೂಡಿನ ಬೇಲಿಯ ಹತ್ತಿರವೂ ಸುಳಿಯಬಾರದು.

ಉತ್ತರ 2 (ನಿವೃತ್ತ ಅಧ್ಯಾಪಕ, ಮಂಡ್ಯ)

ಮೇಲಿನ ಸಹೋದರಿಯ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಗಳನ್ನು ನಾನು ಅನೇಕ ವರ್ಷ ನಡೆಸಿದ್ದೇನೆ. ಒಮ್ಮೆ ನಮ್ಮದೇ ಜಿಲ್ಲೆಯ ಹಳ್ಳಿಯೊಂದರಲ್ಲಿ ಆರೋಗ್ಯದ ಸಭೆ ಕರೆದ ದಿನವೇ ವಿಶ್ವೇಶ್ವರಯ್ಯ ನಾಲೆಯ ಕಟ್ಟು ನೀರಿನ ಸರದಿ ಬಂದಿತ್ತು, ಊರಿಗೆ ಊರೇ ಗುದ್ದಲಿ ಹಿಡಿದು ಗದ್ದೆಯಲ್ಲಿತ್ತು. ಶಾಲೆಯ ಜಗಲಿಯಲ್ಲಿ ನಾವು ನಲವತ್ತು ಜನ, ಎದುರಿಗೆ ಇಬ್ಬರು ಅಜ್ಜಂದಿರು. ನಮಗೆ ನಾಲೆಯ ಸರದಿ ಹೇಗೋ ಅವರಿಗೆ ಕಡಲಿನ ಉಬ್ಬರ ಇಳಿತ ಹಾಗೆ, ಅದನ್ನು ಮೀರಿ ಯಾರೂ ಸಭೆಗೆ ಬರಲಾರರು.

ಕಸದ ವಿಷಯದಲ್ಲಿ ಒಂದು ಎಚ್ಚರಿಕೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದದ್ದು ನಮಗೆಲ್ಲ ಹೆಮ್ಮೆಯ ಸಂಗತಿಯೇ, ಆದರೆ ದಯವಿಟ್ಟು ಅದನ್ನು ಅಲ್ಲಿ ಉದಾಹರಣೆಯಾಗಿ ಕೊಡಬೇಡಿ. ಕುಂದಾಪುರದ ಸೀಮೆಯ ವಂಡ್ಸೆ ಗ್ರಾಮ ಪಂಚಾಯಿತಿ ಮನೆ ಮನೆಯಿಂದ ಹಸಿ ಕಸ, ಒಣ ಕಸವನ್ನು ಬೇರೆ ಬೇರೆಯಾಗಿ ಪಡೆದು ವಿಂಗಡಿಸುವ ಘಟಕ ನಡೆಸಿ ಹೆಸರಾಗಿದೆ. ಮೊದಲ ದಿನ ನಿಮ್ಮವರು ಅಲ್ಲಿಗೆ ಹೋಗಿ, ಅಲ್ಲಿನ ಕೆಲಸಗಾರ ಮಹಿಳೆಯರ ಪಕ್ಕದಲ್ಲಿ ಕುಳಿತು ಎರಡು ಗಂಟೆ ಕಸ ಬೇರ್ಪಡಿಸಲಿ. ಆ ಮೇಲೆ ‘ವಂಡ್ಸೆಯಲ್ಲಿ ಹೀಗೆ ಮಾಡುತ್ತಾರಲ್ಲ ಅಕ್ಕ’ ಎಂದು ಮಾತು ತೆಗೆದರೆ, ಅದು ನೆರೆಯವರ ಮಾತಾಗುತ್ತದೆ.

ಉತ್ತರ 3 (ಸರಸ್ವತಿಪುರಂ, ಮೈಸೂರು)

ಒಂದೇ ಮಾತು. ನೂರು ಹಾಳೆಯ ಗೆರೆ ಪುಸ್ತಕವೊಂದನ್ನು ಒಯ್ಯಿರಿ, ಯಾವ ಮನೆಯವರು ಯಾವ ಕೆಲಸಕ್ಕೆ, ವಾರದ ಯಾವ ದಿನ ಬರಲು ಒಪ್ಪಿದರು ಎಂಬುದನ್ನು ಅವರ ಎದುರಿಗೇ ಬರೆದುಕೊಳ್ಳಿ. ಹೊರಡುವಾಗ ಅದನ್ನು ಮೈಸೂರಿಗೆ ತರದೆ ಅಲ್ಲಿನ ಸ್ವಸಹಾಯ ಸಂಘದವರ ಕೈಗೆ ಕೊಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕರಪತ್ರದ ಮುದ್ರಣವನ್ನು ಇಂದೇ ನಿಲ್ಲಿಸಿದ್ದೇನೆ. ಮಡಿಕೇರಿ, ಮಂಗಳೂರಿನ ಮೂಲಕ ರಾತ್ರಿಯೇ ಹೊರಟು, ಮೊದಲ ದಿನ ವಂಡ್ಸೆಯಲ್ಲಿ ಕೆಲಸ ಕಲಿತು, ಸಂಜೆ ಭಜನಾ ಮಂದಿರದ ಹಿರಿಯರನ್ನು ಕಾಣುತ್ತೇವೆ. ಉಳಿದೆರಡು ದಿನಗಳ ಅಳಿವೆಯ ಕೆಲಸದ ಹೊತ್ತನ್ನು ಅಲ್ಲಿನ ದೋಣಿಯವರನ್ನು ಕೇಳಿಯೇ ಗೊತ್ತುಮಾಡುತ್ತೇವೆ. ವಿಜಯನಗರದ ಅಕ್ಕನವರಲ್ಲಿ ಒಂದು ಕೋರಿಕೆ: ಹೊರಡುವ ಮುನ್ನ ಒಂದು ಭಾನುವಾರ ಬಂದು ನಮ್ಮ ಹುಡುಗರಿಗೆ ನಿಮ್ಮ ಕಡೆಯ ನಾಲ್ಕು ಮಾತು ಕಲಿಸಿಕೊಡುತ್ತೀರಾ?