ಸ್ಪ್ರಿಂಗ್ ಕೊಳ್ಳುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿ ಅಳೆ

ಅಳಿಯಾ, ನಿನ್ನ ಮೆಸೇಜು, ಫೋಟೋ ಎರಡೂ ನೋಡಿದೆ. ಡಿಜೈರ್ ಕಾರಿಗೆ ಲೋವರಿಂಗ್ ಸ್ಪ್ರಿಂಗ್, ಅಂದರೆ ಗಾಡಿಯನ್ನು ಕೆಳಗಿಳಿಸುವ ಸ್ಪ್ರಿಂಗ್, ಹಾಕಿಸಬೇಕು, 40 ಮಿ.ಮೀ ಇಳಿಯುವುದು ತರಿಸಲಾ, ಇಲ್ಲ ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದರೆ ನಡೆಯುತ್ತಾ ಅಂತ ಕೇಳಿದ್ದೀಯ. ಅದರ ಕೆಳಗೇ ನಿಮ್ಮವ್ವ "ಇವನಿಗೆ ನೀನಾದರೂ ಬುದ್ಧಿ ಹೇಳು" ಅಂತ ಹಾಕಿದ್ದಾಳೆ. ಅಕ್ಕಾ, ನಾನು ಬುದ್ಧಿ ಹೇಳಲ್ಲ, ಲೆಕ್ಕ ಹೇಳುತ್ತೇನೆ. ಬೆಳಗಾವಿಯ ಉದ್ಯಮಬಾಗದ ನನ್ನ ಕೆಲಸದ ಜಾಗದಲ್ಲಿ ಈಗ ಊಟದ ಹೊತ್ತು, ಗಾಲಿಗಳ ಕೋನ ಸರಿಮಾಡುವ ಅಲೈನ್‌ಮೆಂಟ್ ಮಷಿನ್ ಖಾಲಿ ಇದೆ, ಅದಕ್ಕೆ ಫೋನ್ ಮುಂದೆ ಮಾತಾಡುತ್ತಿದ್ದೇನೆ, ಅದೇ ಟೈಪ್ ಮಾಡಿಕೊಳ್ಳುತ್ತೆ. ಉದ್ದ ಆದರೆ ಬೈಕೋಬೇಡಿ.

ಕತ್ತರಿಸುವ ಮಾತನ್ನು ಮೊದಲು ಮುಗಿಸೋಣ. ಬೇಡ. ಮುಂದಿನ ಸ್ಟ್ರಟ್‌ನಲ್ಲಿ, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿರುವ ಕಂಬದಲ್ಲಿ, ಸ್ಪ್ರಿಂಗಿನ ತುದಿ ಕೂರೋದಕ್ಕೆ ಕೆಳಗಿನ ತಟ್ಟೆಯಲ್ಲಿ ಒಂದು ಮೆಟ್ಟಿಲು ಇರುತ್ತದೆ, ತುದಿ ಅಲ್ಲಿಗೆ ಬಂದು ನಿಲ್ಲಬೇಕು. ಕತ್ತರಿಸಿದ ಸ್ಪ್ರಿಂಗ್ ಗಿಡ್ಡ ಆಗಿರುತ್ತದೆ, ಗಾಲಿ ಗುಂಡಿಗೆ ಇಳಿದು ಶಾಕಪ್ ಪೂರ್ತಿ ಚಾಚಿದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ತಪ್ಪುತ್ತದೆ, ಮತ್ತೆ ಭಾರ ಬಿದ್ದಾಗ ಟಕ್ ಅಂತ ಎಲ್ಲೋ ಕೂರುತ್ತದೆ. ಸ್ಟೇರಿಂಗ್ ತಿರುಗಿಸಿದರೆ ಸದ್ದು ಬೇರೆ. ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ಕುಗ್ಗಿಸುವವರು ಇನ್ನೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು, ಕಬ್ಬಿಣದ ಹದವೇ ಹೋಗುತ್ತದೆ. ಆಮೇಲೆ ಅದು ಕುಸಿಯುತ್ತದೋ ಮುರಿಯುತ್ತದೋ ಯಾರಿಗೂ ಹೇಳೋಕಾಗಲ್ಲ.

ಇನ್ನು ರೆಡಿ ಸ್ಪ್ರಿಂಗ್. ಐಬಾಕ್, ಕೋಬ್ರಾ ಅಂತ ಹೆಸರು ಕೇಳಿರುತ್ತೀಯ. ಯಾವ ಕಂಪನಿ ಅನ್ನೋದಕ್ಕಿಂತ ಮೊದಲು ಎಷ್ಟು ಇಳಿಯುತ್ತದೆ, ಎಷ್ಟು ಗಟ್ಟಿ ಇದೆ ಅನ್ನೋದು ನೋಡು. ಈ ಎರಡೂ ಜೊತೆಗೇ ಹೋಗಬೇಕು. ಗಾಡಿ ಇಳಿದಷ್ಟೂ ಗಾಲಿ ಮೇಲೆ ಹೋಗೋದಕ್ಕೆ ಜಾಗ ಕಡಿಮೆ, ಹಾಗಾಗಿ ಸ್ಪ್ರಿಂಗ್ ಗಟ್ಟಿ ಇರಲೇಬೇಕು. ಕಣ್ಣಳತೆಗೆ ಇದು ಗೊತ್ತಾಗಲ್ಲ. ತಂತಿ 12 ಮಿ.ಮೀ ಇದ್ದದ್ದು 13 ಆದರೆ, ಉಳಿದದ್ದೆಲ್ಲ ಅಷ್ಟೇ ಇದ್ದರೂ, ಸ್ಪ್ರಿಂಗ್ ಸುಮಾರು 38% ಗಟ್ಟಿ ಆಗುತ್ತದೆ. ಒಂದು ಮಿ.ಮೀಗೆ ಅಷ್ಟು! ಅದಕ್ಕೇ ಅಂಗಡಿಯವನು ಕೈಯಲ್ಲಿ ಹಿಡಿದು "ನೋಡಿ ಸರ್, ಹೆವಿ ಇದೆ" ಅಂದರೆ ಅದನ್ನು ನಂಬಿ ದುಡ್ಡು ಕೊಡಬೇಡ, ಪೆಟ್ಟಿಗೆ ಮೇಲಿನ ನಂಬರ್ ಕೇಳು, ಅದು ನಿನ್ನ ಮಾಡೆಲ್‌ಗೆ, ನಿನ್ನ ಎಂಜಿನ್‌ಗೇ ಮಾಡಿದ್ದಾ ನೋಡು. ಡೀಸೆಲ್ ಗಾಡಿಯ ಮೂತಿ ಭಾರ, ಪೆಟ್ರೋಲ್‌ದು ಹಗುರ, ಮುಂದಿನ ಸ್ಪ್ರಿಂಗ್ ಒಂದೇ ಆಗಲ್ಲ. ನಿನ್ನದು ಸಿಎನ್‌ಜಿ ಆಗಿದ್ದರೆ ಡಿಕ್ಕಿಯಲ್ಲಿ ಸಿಲಿಂಡರ್ ಭಾರ ಯಾವಾಗಲೂ ಇದ್ದೇ ಇರುತ್ತದೆ, ಅದನ್ನೂ ಹೇಳು.

ಈಗ ಅಸಲು ವಿಷಯ. ನೀನು ಕಳಿಸಿದ ಫೋಟೋದಲ್ಲಿ ಗಾಡಿ ಖಾಲಿ ನಿಂತಿದೆ, ಮಡ್‌ಗಾರ್ಡ್‌ಗೂ ಟೈರಿಗೂ ನಡುವೆ ನಾಲ್ಕು ಬೆರಳು ಗ್ಯಾಪ್ ಕಾಣುತ್ತದೆ, ಅದು ನಿನಗೆ ಕಣ್ಣಿಗೆ ಚುಚ್ಚುತ್ತಿದೆ. ಸರಿ. ಆದರೆ ನಿಮ್ಮ ಗಾಡಿ ಖಾಲಿ ಓಡೋದು ಯಾವಾಗ? ಬನಶಂಕರಿ ಜಾತ್ರೆಗೆ ಬಾದಾಮಿಗೆ ಹೊರಟರೆ ಅಜ್ಜಿ, ನಿಮ್ಮಪ್ಪ, ಅವ್ವ, ತಂಗಿ, ನೀನು, ಡಿಕ್ಕಿಯಲ್ಲಿ ರೊಟ್ಟಿ ಗಂಟು, ನೀರಿನ ಕ್ಯಾನು, ಬರುವಾಗ ಇಳಕಲ್ ಸೀರೆ ಗಂಟು ಒಂದು ಜಾಸ್ತಿ. ಆ ಗ್ಯಾಪ್ ಇಟ್ಟಿರೋದೇ ಆ ದಿನಕ್ಕೆ.

ಒಂದು ಕೆಲಸ ಮಾಡು. ಅಂಗಳದಲ್ಲಿ ಸಮ ಜಾಗದಲ್ಲಿ ಗಾಡಿ ನಿಲ್ಲಿಸು. ಟೇಪ್ ತಗೊಂಡು ಗಾಲಿಯ ನಟ್ಟನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೋ. ನೆಲದಿಂದ ಅಳೆಯಬೇಡ, ಟೈರ್ ಗಾಳಿ ಹೆಚ್ಚುಕಡಿಮೆ ಇದ್ದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಎಲ್ಲರನ್ನೂ ಕೂರಿಸಿ, ಡಿಕ್ಕಿ ತುಂಬಿ, ಗಾಡಿಯನ್ನು ನಾಲ್ಕು ಮಾರು ಮುಂದೆ ಹಿಂದೆ ಆಡಿಸಿ ಮತ್ತೆ ಅಳೆ. ಹಿಂದಿನ ಗಾಲಿ ಕಡೆ 50 ಮಿ.ಮೀ ಕುಸಿಯಿತು ಅಂತ ಇಟ್ಟುಕೋ. ಈಗ 30 ಮಿ.ಮೀ ಇಳಿಯುವ, 25% ಗಟ್ಟಿ ಇರುವ ಸ್ಪ್ರಿಂಗ್ ಹಾಕಿದರೆ ಅದೇ ಭಾರಕ್ಕೆ ಅದು 40 ಕುಸಿಯುತ್ತದೆ. 30ಕ್ಕೆ 40 ಸೇರಿಸು, 70. ಮೊದಲು 50 ಇತ್ತು. ಅಂದರೆ ತುಂಬಿದ ಗಾಡಿ ನಿಜವಾಗಿ 20 ಮಾತ್ರ ಕೆಳಗೆ ಬಂತು, ನಡೆಯುತ್ತದೆ. ಅದೇ 40 ಇಳಿಯುವ, ಗಟ್ಟಿತನ ಕಂಪನಿ ಸ್ಪ್ರಿಂಗಿನಷ್ಟೇ ಇರುವ ಅಗ್ಗದ ಸ್ಪ್ರಿಂಗ್ ಹಾಕು, 90 ಆಗುತ್ತದೆ. ಅಷ್ಟೊತ್ತಿಗೆ ಗಾಡಿ ಬಂಪ್ ಸ್ಟಾಪ್ ಅನ್ನುವ ತಡೆ ರಬ್ಬರ್ ಮೇಲೇ ಕೂತಿರುತ್ತದೆ, ಪ್ರತಿ ಗುಂಡಿಗೂ ಅಜ್ಜಿಯ ಸೊಂಟಕ್ಕೆ ಗುದ್ದು.

ಹಂಪ್ ಲೆಕ್ಕ ಕೇಳು, ಇದು ಚೆನ್ನಾಗಿದೆ. ರಸ್ತೆ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಹಂಪ್ 10 ಸೆಂ.ಮೀ ಎತ್ತರ, 3.7 ಮೀಟರ್ ಅಗಲ, ಗುಂಡಗೆ. ಡಿಜೈರ್‌ನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 2.45 ಮೀಟರ್. ಹಾಗಾಗಿ ಸರಿಯಾದ ಹಂಪ್ ಮೇಲೆ ನಾಲ್ಕೂ ಗಾಲಿ ಒಟ್ಟಿಗೆ ಹತ್ತಿರುತ್ತವೆ, ಹೊಟ್ಟೆ ಕೆಳಗೆ ಅದು ಉಬ್ಬುವುದು ನಾಲ್ಕೂವರೆ ಸೆಂ.ಮೀ ಮಾತ್ರ, ಯಾವ ಗಾಡಿಯಾದರೂ ದಾಟುತ್ತದೆ. ಆದರೆ ಬಬಲೇಶ್ವರ ದಾಟಿ ಜಮಖಂಡಿ ಕಡೆ ಹೋಗುವಾಗ ಊರೂರಿಗೆ ಸಿಗುವ ಹಂಪ್‌ಗಳು ಹಾಗಿರುತ್ತವಾ? ಒಂದು ಮಾರೂ ಅಗಲ ಇಲ್ಲದ ದಿಬ್ಬ, ಬಿಳಿ ಪಟ್ಟಿ ಇಲ್ಲ. ಅಂಥದ್ದು ಗಾಲಿಗಳ ನಡುವೆ ಪೂರ್ತಿ ಎತ್ತರಕ್ಕೆ ನಿಲ್ಲುತ್ತದೆ. ನಿನ್ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ, 40 ಕಳೆದರೆ 123. ಹತ್ತು ಸೆಂ.ಮೀ ದಿಬ್ಬಕ್ಕೆ ಉಳಿದದ್ದು 23, ಜನ ತುಂಬಿದರೆ ಅದೂ ಇಲ್ಲ. ಮೊದಲು ತಾಗೋದು ಎಂಜಿನ್ ಕೆಳಗಿನ ಎಣ್ಣೆ ಚೇಂಬರ್ ಅಥವಾ ಸೈಲೆನ್ಸರ್ ಪೈಪು. ಮೇಲಾಗಿ ನಮ್ಮ ಎರೆ ಮಣ್ಣಿನ ರಸ್ತೆಗಳು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಅಲೆ ಅಲೆಯಾಗಿರುತ್ತವೆ, 80ರಲ್ಲಿ ಹೋದರೆ ಗಾಡಿ ತೊಟ್ಟಿಲಾಡಿದ ಹಾಗೆ ಆಡುತ್ತದೆ, ಗುಂಡಿ ಇಲ್ಲದ ಕಡೆಯೂ ತಳ ಹೊಡೆಯುತ್ತದೆ.

ಶಾಕಪ್ ಮಾತು. ಹಳೇ ಶಾಕಪ್‌ಗೆ ಹೊಸ ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದು ಹಿಡಿದು ನಿಲ್ಲಿಸಲ್ಲ, ಗಾಡಿ ಪುಟಿಯುತ್ತದೆ. ಎಣ್ಣೆ ಸೋರಿದ ಗುರುತು ಇದ್ದರೆ ನಾಲ್ಕೂ ಬದಲಿಸು, ದುಡ್ಡು ಸಾಲದಿದ್ದರೆ ಸ್ಪ್ರಿಂಗ್ ಹಾಕಿಸೋದನ್ನೇ ಮುಂದೂಡು. ಇನ್ನೊಂದು, ಸ್ಟ್ರಟ್ ಬಿಚ್ಚುವಾಗ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದ ಕಡೆ ಕೆಲಸಕ್ಕೇ ಕೊಡಬೇಡ, ಬಿಗಿದ ಸ್ಪ್ರಿಂಗ್ ಹಾರಿದರೆ ಆಳು ಉಳಿಯಲ್ಲ. ಗಾಲಿಯನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್ ಸಡಿಲಿಸಿದ್ದರೆ ಕೊನೆಯ ಬಿಗಿತ ಗಾಲಿ ನೆಲದ ಮೇಲಿದ್ದಾಗಲೇ ಆಗಬೇಕು. ಜ್ಯಾಕ್ ಮೇಲೆ ತೂಗಾಡುವಾಗ ಬಿಗಿದರೆ ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ನಿಂತು ನೋಡು, ನಾಚಿಕೆ ಬೇಡ.

ಅಲೈನ್‌ಮೆಂಟ್ ಅಂತೂ ಮಾಡಿಸಲೇಬೇಕು. ಇಳಿಸಿದ ಮೇಲೆ ಮುಂದಿನ ಗಾಲಿಯ ತಲೆ ಸ್ವಲ್ಪ ಒಳಗೆ ವಾಲುತ್ತದೆ, ಅದೇ ಕ್ಯಾಂಬರ್; ಟೋ, ಅಂದರೆ ಗಾಲಿಯ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು, ಅದೂ ಬದಲಾಗುತ್ತದೆ. ಜನ ಕ್ಯಾಂಬರ್ ಕ್ಯಾಂಬರ್ ಅಂತಾರೆ, ಟೈರಿನ ಒಳ ಅಂಚು ತಿನ್ನೋದು ಜಾಸ್ತಿ ಟೋನೇ. ಸ್ಪ್ರಿಂಗ್ ಕೆಲವು ದಿನ ಓಡಿದ ಮೇಲೆ ಇನ್ನಷ್ಟು ಕೂರುತ್ತದೆ, ಆಗ ಮತ್ತೊಮ್ಮೆ ನೋಡಿಸು. ಬೆಳಗಾವಿಗೆ ಬಂದರೆ ನಾನೇ ನೋಡುತ್ತೇನೆ, ದುಡ್ಡು ಕೊಡಬೇಡ, ಕರದಂಟು ತಾ.

ಕಾನೂನು ಬೇರೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಾಕಿಸುವ ಮೊದಲು ಆರ್‌ಟಿಒದಲ್ಲಿ ಕೇಳು, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸು. ಕ್ಲೇಮ್ ಹೊತ್ತಲ್ಲಿ ವಾದ ಮಾಡೋದು ನಿಮ್ಮಪ್ಪನಿಗೆ ಬರಲ್ಲ.

ನನ್ನನ್ನು ಕೇಳಿದರೆ: ತಿರುವಿನಲ್ಲಿ ಗಾಡಿ ವಾಲುತ್ತೆ ಅನ್ನೋದೇ ನಿನ್ನ ತಕರಾರಾದರೆ ಮೊದಲು ಶಾಕಪ್, ವಾಲೋದನ್ನು ತಡೆಯುವ ಸಲಾಕೆಯ ಲಿಂಕ್ ರಾಡ್, ಟೈರ್ ಗಾಳಿ ನೋಡಿಸು, ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಅಂದಕ್ಕೇ ಬೇಕು ಅಂದರೆ 25 ಮಿ.ಮೀಗಿಂತ ಜಾಸ್ತಿ ಇಳಿಯುವುದು ಬೇಡ, ಹಿಂದೆ ಮುಂದಕ್ಕಿಂತ ಹೆಚ್ಚು ಇಳಿಸುವ ಕಿಟ್ ಅಂತೂ ಮುಟ್ಟಲೇಬೇಡ. ಅಳತೆ ಬರೆದು ಇಲ್ಲಿ ಹಾಕು, ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ. ಹಾಕಿಸಿದರೂ ಕಂಪನಿ ಸ್ಪ್ರಿಂಗನ್ನು ಗುಜರಿಗೆ ಕೊಡಬೇಡ, ಗಾಡಿ ಮಾರುವಾಗ ಬೇಕಾಗುತ್ತದೆ. ಎಡ ಬಲ ಗುರುತು ಮಾಡಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡು, ನಿಮ್ಮವ್ವ ಬೈದರೆ ಮಾಮಾ ಹೇಳಿದ್ದು ಅನ್ನು.